ಡಯಮಾಕ್ಸ್ ಬರೆಯುವ ಮುಂಚೆ ಕೇಳಬೇಕಾಗಿದ್ದ ಪ್ರಶ್ನೆ

ಬಳ್ಳಾರಿಯ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ನಾನು ಆಪ್ಟೊಮೆಟ್ರಿಸ್ಟ್. ತೋರಣಗಲ್ಲು ಕಡೆಯಿಂದ ಕಣ್ಣಿಗೆ ಪೆಟ್ಟು ಮಾಡಿಕೊಂಡು ಬರುವ ಕೂಲಿ ಹುಡುಗರು ನಮಗೆ ಹೊಸಬರಲ್ಲ. ಕಬ್ಬಿಣದ ಚೂರು, ವೆಲ್ಡಿಂಗ್ ಕಿಡಿ, ದಿನಾ ಇದ್ದದ್ದೇ. ಹಾಗಾಗಿ ಯೋಚನೆಗಿಂತ ಮುಂಚೆ ಕೈ ಓಡುತ್ತೆ. ನಾನು ಎಡವಿದ್ದು ಅಲ್ಲೇ.

ಹುಡುಗನಿಗೆ 22 ವರ್ಷ, ಒಡಿಶಾದ ಬಲಾಂಗೀರ್ ಕಡೆಯವನು. ಲೋಡು ಬಿಚ್ಚುವಾಗ ಹಗ್ಗ ಚಿಮ್ಮಿ ಬಲಗಣ್ಣಿಗೆ ಬಡಿದಿತ್ತು. ಸ್ಲಿಟ್ ಲ್ಯಾಂಪಿನಲ್ಲಿ ನೋಡಿದೆ. ಕರಿಗುಡ್ಡೆಯ ಒಳಗೆ, ಬಾಟಲಿ ತಳದಲ್ಲಿ ಔಷಧಿ ಕೂತ ಹಾಗೆ, ತೆಳ್ಳಗೆ ರಕ್ತ ಕೂತಿತ್ತು. ಹೈಫೀಮಾ. ಕಣ್ಣೊಳಗಿನ ಒತ್ತಡ 27, ಇರಬೇಕಾದ್ದಕ್ಕಿಂತ ಜಾಸ್ತಿ. ಎಂದಿನಂತೆ ಚೀಟಿಯಲ್ಲಿ ಒತ್ತಡ ಇಳಿಸುವ ಡಯಮಾಕ್ಸ್ ಮಾತ್ರೆ ಬರೆದು ನಮ್ಮ ಡಾಕ್ಟರ್ ಸರ್ ಮುಂದಿಟ್ಟೆ.

ಸರ್ ಸಹಿ ಹಾಕಲಿಲ್ಲ. ಹುಡುಗನ ಕೆಳರೆಪ್ಪೆ ಎಳೆದು ನೋಡಿದರು. ಒಳಗೆ ಬಿಳಿಚಿಕೊಂಡಿತ್ತು, ಬಿಳಿಗುಡ್ಡೆ ಸ್ವಲ್ಪ ಹಳದಿ. "ಸಿಕಲ್ ಸೆಲ್ ಇದೆಯಾ ಅಂತ ಕೇಳಿದ್ಯೇನಮ್ಮಾ?" ಅಂದರು. ಕೇಳಿರಲಿಲ್ಲ. ರಕ್ತದ ಕೆಂಪು ಕಣಗಳು ಕುಡುಗೋಲಿನ ಹಾಗೆ ಬಾಗುವ, ಹುಟ್ಟಿನಿಂದಲೇ ಬರುವ ಕಾಯಿಲೆ ಅದು. ಅವನನ್ನೇ ಹಿಂದಿಯಲ್ಲಿ ಕೇಳಿದಾಗ ಪರ್ಸಿನಿಂದ ಮಡಿಚಿ ಮಡಿಚಿ ಹರಿದುಹೋಗಿದ್ದ ರಕ್ತಪರೀಕ್ಷೆಯ ಚೀಟಿ ತೆಗೆದ. ಗೊತ್ತಾದರೆ ಕೆಲಸ ಹೋಗುತ್ತೆ ಅಂತ ಭಯ ಇತ್ತಂತೆ.

ಸಿಕಲ್ ಸೆಲ್ ಇರುವವರಿಗೆ ಡಯಮಾಕ್ಸ್ ಯಾಕೆ ಬೇಡ ಅಂದರೆ, ಅದು ರಕ್ತದಲ್ಲಿ ಆಮ್ಲದ ಅಂಶ ಏರಿಸುತ್ತೆ. ಆಗ ಕಣಗಳು ಇನ್ನೂ ಜಾಸ್ತಿ ಕುಡುಗೋಲಿನ ಹಾಗೆ ಬಾಗಿ ಗಟ್ಟಿಯಾಗುತ್ತವೆ, ಕಣ್ಣೊಳಗಿನ ನೀರು ಹರಿದುಹೋಗುವ ಜರಡಿಯಲ್ಲೇ ಸಿಕ್ಕಿಕೊಳ್ಳುತ್ತವೆ. ಬೇರೆಯವರು ಕೆಲವು ದಿನ ತಡೆದುಕೊಳ್ಳುವ ಒತ್ತಡಕ್ಕೆ ಇವರ ಕಣ್ಣಿನ ನರ ಬೇಗ ಸೋಲುತ್ತೆ. ಅದಕ್ಕೇ ಒತ್ತಡ 24ಕ್ಕಿಂತ ಮೇಲೆ ಒಂದು ದಿನ ನಿಂತರೂ ರಕ್ತ ತೊಳೆಯುವ ಆಪರೇಷನ್ ಬಗ್ಗೆ ಯೋಚಿಸಬೇಕು. ಕಾಯಿಲೆ ಇಲ್ಲ, ಬರೀ ಟ್ರೇಟ್ (ಅಪ್ಪ ಅಮ್ಮನಲ್ಲಿ ಒಬ್ಬರಿಂದ ಮಾತ್ರ ಆ ಜೀನ್ ಬಂದಿರೋದು) ಅಂದರೂ ಪೆಟ್ಟಾದ ಕಣ್ಣಿಗೆ ಈ ಅಪಾಯ ಇದ್ದೇ ಇದೆ. ಇದನ್ನು ಕಾಲೇಜಿನಲ್ಲಿ ಓದಿದ್ದೆ. ಪೇಷಂಟ್ ಮುಂದೆ ಕೂತಾಗ ನೆನಪಾಗಲಿಲ್ಲ ಅನ್ನೋದು ಇವತ್ತಿಗೂ ಚುಚ್ಚುತ್ತೆ.

ಒತ್ತಡ ಇಳಿಸುವ ಟಿಮೊಲಾಲ್ ಡ್ರಾಪ್ಸ್ ಹಾಕಿ, ಕಣ್ಣಿಗೆ ಶೀಲ್ಡ್ ಕಟ್ಟಿ, ತಲೆ ಎತ್ತರಕ್ಕಿಟ್ಟು ಮಲಗಿಸಿದೆವು. ಆ ರಾತ್ರಿ ನಾನೇ ನಿಂತು ಮತ್ತೆ ಮತ್ತೆ ಒತ್ತಡ ನೋಡಿದೆ. ಬೆಳಿಗ್ಗೆ 18ಕ್ಕೆ ಇಳಿದಿತ್ತು.

ರಕ್ತ ಕರಗಿದ ಮೇಲೆ ಎರಡೂ ಕಣ್ಣು ಡೈಲೇಟ್ ಮಾಡಿದೆವು, ಅಂದರೆ ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡಿ ಒಳಗೆ ನೋಡಿದೆವು. ಪೆಟ್ಟೇ ಬೀಳದ ಎಡಗಣ್ಣಿನ ದೃಷ್ಟಿ 6/6, ಒಂದು ಕಂಪ್ಲೇಂಟೂ ಇರಲಿಲ್ಲ. ಆದರೆ ಕಣ್ಣಿನ ಹಿಂದಿನ ಪರದೆಯಾದ ರೆಟಿನಾದ ಅಂಚಿನಲ್ಲಿ, ಕಿವಿಯ ಕಡೆಗೆ, ಬೀಸಣಿಗೆ ಬಿಚ್ಚಿದ ಹಾಗೆ ಹೊಸ ರಕ್ತನಾಳಗಳ ಗೊಂಚಲು! ಸೀ ಫ್ಯಾನ್ ಅನ್ನೋದು ಇದಕ್ಕೇ. 1971ರಲ್ಲಿ ಕಣ್ಣಿನ ಡಾಕ್ಟರ್ ಗೋಲ್ಡ್‌ಬರ್ಗ್ ಸಿಕಲ್ ಸೆಲ್‌ನಿಂದ ರೆಟಿನಾಗೆ ಬರುವ ಈ ಕಾಯಿಲೆಯನ್ನು ಐದು ಹಂತ ಮಾಡಿದರಲ್ಲ, ಅದರಲ್ಲಿ ಇದು ಮೂರನೆಯದು. ನಾಲ್ಕರಲ್ಲಿ ಕಣ್ಣೊಳಗೆ ರಕ್ತ ಸೋರುತ್ತೆ, ಐದರಲ್ಲಿ ರೆಟಿನಾ ಕಿತ್ತುಬರುತ್ತೆ. ಕೆಲವು ಗೊಂಚಲು ತಾವಾಗಿಯೇ ಒಣಗುತ್ತವೆ ನಿಜ. ಆದರೆ ಊರೂರು ಅಲೆದು ದುಡಿಯುವ ಹುಡುಗ, ಮತ್ತೆ ಯಾವಾಗ ಬರುತ್ತಾನೋ! ಸರ್ ಕಾಯಲಿಲ್ಲ, ಲೇಸರ್ ಮಾಡಿದರು.

ನಮ್ಮ ಕೇಸ್ ಶೀಟಿನಲ್ಲಿ ಈಗ ಶುಗರ್, ಬಿಪಿ ಜೊತೆ "ಸಿಕಲ್ ಸೆಲ್ / ಟ್ರೇಟ್" ಅಂತ ಒಂದು ಸಾಲು ಇದೆ. ಕೇಳುವಾಗ ಮೇಸ್ತ್ರಿಯನ್ನು ಹೊರಗೆ ಕಳಿಸುತ್ತೇನೆ.

ಅವರ ಕಡೆಯ ಹೊಸ ಫಸಲಿನ ಹಬ್ಬ ನುಆಖಾಯಿಗೆ ಊರಿಗೆ ಹೊರಟಾಗ ಆ ಹುಡುಗ ಅಲ್ಲಿನ ಡಾಕ್ಟರಿಗೆ ಪತ್ರ ಬೇಕು ಅಂತ ಬಂದ. ಬರೆಯುತ್ತಿದ್ದಾಗ ಮೆಲ್ಲಗೆ, "ತಂಗಿಗೂ ಇದೆ ಮೇಡಂ, 12 ವರ್ಷ. ಅವಳಿಗೆ ಚೆನ್ನಾಗೇ ಕಾಣುತ್ತೆ" ಅಂದ. 10 ವರ್ಷದಿಂದಲೇ, ಒಂದೆರಡು ವರ್ಷಕ್ಕೊಮ್ಮೆ ಡೈಲೇಟ್ ಮಾಡಿ ನೋಡಲೇಬೇಕು ಅಂತ ಹೇಳಿ, ಅದೇ ಪತ್ರದ ಕೆಳಗೆ ಅವಳ ಹೆಸರನ್ನೂ ಬರೆದುಕೊಟ್ಟೆ.