ಪರದೆಯ ಆಚೆ ನಿಂತವರು

ಅರಕಲಗೂಡು ಕಡೆಯಿಂದ ಹಾಸನಕ್ಕೆ ಬಂದು ಬಿ.ಎಸ್ಸಿ. ನರ್ಸಿಂಗ್ ಸೇರಿದಾಗ ನಮ್ಮ ತರಗತಿಯಲ್ಲಿ ಹುಡುಗರು ಆರೇ ಜನ. ಆಲೂಗಡ್ಡೆ ಮಂಡಿಯಲ್ಲಿ ಯಾರಾದರೂ ಕೇಳಿದರೆ ಅಪ್ಪ, "ಮಗ ಮೆಡಿಕಲ್ ಓದ್ತಾವ್ನೆ" ಅನ್ನುತ್ತಿದ್ದರು. ಪೂರ್ತಿ ಸುಳ್ಳಲ್ಲ ಬಿಡಿ.

ದೀಪ ಬೆಳಗುವ ದಿನ ಹುಡುಗಿಯರ ತಲೆಗೆ ಬಿಳಿ ಟೋಪಿ ಬಂತು. ನಮಗೆ ಮೇಣದಬತ್ತಿ ಮಾತ್ರ. ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನಲ್ಲಿ ಶುರು ಮಾಡಿಸಿದ ನರ್ಸಿಂಗ್ ಶಾಲೆ ಹೆಣ್ಣುಮಕ್ಕಳಿಗೆಂದೇ ಇದ್ದದ್ದು. ಅದರ ನೆರಳು ಹಾಸನದವರೆಗೂ ಬಂದಿತ್ತು.

ವಾರ್ಡಿನಲ್ಲಿ ನಾವು 'ಬ್ರದರ್'. ರೋಗಿಯನ್ನು ಎತ್ತಬೇಕಾ, ಬ್ರದರ್. ಆಕ್ಸಿಜನ್ ಸಿಲಿಂಡರ್ ಉರುಳಿಸಬೇಕಾ, ಬ್ರದರ್. ಗಂಡಸರಿಗೆ ಕ್ಯಾತಿಟರ್ (ಮೂತ್ರದ ನಳಿಕೆ) ಹಾಕಬೇಕಾ, ಮತ್ತೆ ಬ್ರದರ್. ಮೂಲೆಯ ಮಂಚದ ಅಜ್ಜಿಗೆ ಮಾತ್ರ ನಾನು 'ಡಾಕ್ಟ್ರಪ್ಪ', ಪಕ್ಕದಲ್ಲಿ ಕೇಸ್ ಶೀಟ್ ಬರೆಯುತ್ತಿದ್ದ ಲೇಡಿ ಡಾಕ್ಟರ್ 'ನರ್ಸಮ್ಮ'. ತಿದ್ದಿ ತಿದ್ದಿ ಇಬ್ಬರೂ ಸುಸ್ತಾದೆವು.

ಕಷ್ಟ ಶುರುವಾದದ್ದು ಹೆರಿಗೆ ವಾರ್ಡಿನಲ್ಲಿ. ಲಾಗ್‌ಬುಕ್‌ಗೆ 20 ಹೆರಿಗೆ ಮಾಡಿಸಿದ ಲೆಕ್ಕ ಬೇಕಿತ್ತು. ಪೋಸ್ಟಿಂಗ್‌ಗೆ ಹೋದ ಒಂದು ಆಸ್ಪತ್ರೆಯಲ್ಲಿ, "ಹುಡುಗರು ಹೊರಗಿರಿ" ಅಂದುಬಿಟ್ಟರು. ಹಸಿರು ಪರದೆಯ ಆಚೆ ನಿಂತು ನಾಲ್ಕು ದಿನ ಹತ್ತಿ ಉಂಡೆ ಕಟ್ಟಿದೆ. ನನ್ನದೇ ವಯಸ್ಸಿನ ಹೌಸ್ ಸರ್ಜನ್, ಅಂದರೆ ತರಬೇತಿಯಲ್ಲಿದ್ದ ಡಾಕ್ಟರ್, ಅದೇ ಪರದೆ ಸರಿಸಿ ಒಳಗೆ ಹೋದ. ಅವನೂ ಗಂಡಸೇ ಅಲ್ವಾ? ತಾಯಿ ಬೇಡ ಅಂದರೆ ಸರಿ, ಅದು ಅವಳ ಮಾತು. ಆದರೆ ಅವಳನ್ನು ಯಾರೂ ಕೇಳಲೇ ಇಲ್ಲ. ನನ್ನ ಸಿಟ್ಟು ಅಷ್ಟೇ.

ಮುಂದಿನ ಪೋಸ್ಟಿಂಗ್ ಬೇರೆ ಕಡೆ. ಅಲ್ಲಿನ ಹಿರಿಯ ಸಿಸ್ಟರ್ ಒಬ್ಬರು ನನ್ನನ್ನು ಮಂಚದ ತಲೆಯ ಕಡೆ ನಿಲ್ಲಿಸಿ, "ಈ ಹುಡುಗ ಕಲೀತಿದ್ದಾನೆ, ಇರಬಹುದೇನಮ್ಮ?" ಅಂದರು. ನೋವಿನಲ್ಲಿದ್ದ ಆ ಹೆಂಗಸು ಹಲ್ಲು ಕಚ್ಚಿಕೊಂಡು, "ಯಾರಾದ್ರೂ ಇರ್ಲಿ, ಬೇಗ ಮುಗ್ಸಿ!" ಅಂದರು. ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಉಗುರಿನ ಗುರುತು ಎರಡು ದಿನ ಇತ್ತು.

2019ರಲ್ಲಿ ಕೇಂದ್ರ ಸರ್ಕಾರದ ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ಹುದ್ದೆಗಳಲ್ಲಿ ಶೇ. 80 ಹೆಣ್ಣುಮಕ್ಕಳಿಗೆ, ಶೇ. 20 ಗಂಡಸರಿಗೆ ಎಂದು ತೀರ್ಮಾನವಾದಾಗ ಆ ಆರು ಜನರ ಗುಂಪಿನಲ್ಲಿ ರಾತ್ರಿಯೆಲ್ಲ ಫೋನು. ಒಬ್ಬ ಸುಮ್ನೆ ನಗುತ್ತಾ, "ಮತ್ತೆ ಪರದೆ ಹಾಕಿದ್ರು ಕಣ್ರೋ" ಅಂದ.

ನಾನೀಗ ಐಸಿಯುನಲ್ಲಿದ್ದೇನೆ. ಅಪ್ಪ ಮಂಡಿಯಲ್ಲಿ 'ನರ್ಸು' ಅಂತಲೇ ಹೇಳುತ್ತಾರೆ, ಜೊತೆಗೆ ಸಂಬಳವನ್ನೂ ಸ್ವಲ್ಪ ಜಾಸ್ತಿ ಮಾಡಿ ಹೇಳುತ್ತಾರೆ.