"ಸರ, ನೀವ್ ನೋಡೀರೇನ್ರಿ?"

ಸೋಮವಾರದಿಂದ ತಲೇಲಿ ಇದೊಂದೇ ಮಾತು ಗುಂಯ್ ಅಂತಾ ಇದೆ. ಬೈಗುಳ ಅಲ್ಲ, ವ್ಯಂಗ್ಯಾನೂ ಅಲ್ಲ, ಗಾಜಿನ ಬೀರು ಒರೆಸ್ತಾ ಇದ್ದ ಅಟೆಂಡರ್ ಒಬ್ರು ಬಟ್ಟೆ ಕೈಲಿ ಹಿಡ್ಕೊಂಡೇ ಸುಮ್ನೆ ಕೇಳಿದ್ದು. ಅವ್ರಿಗೆ ಅದು ಆಗ್ಲೇ ಮರೆತೂ ಹೋಗಿರತ್ತೆ. ನಂಗೆ ಮಾತ್ರ ಹಲ್ಲಲ್ಲಿ ಸಿಕ್ಕಿದ ಅಡಿಕೆ ಚೂರಿನ ಥರ, ನಾಲಿಗೆ ಪದೇಪದೇ ಅಲ್ಲಿಗೇ ಹೋಗತ್ತೆ.

ಅಕ್ಕನ ಮಗಳ ಬಿಎಸ್ಸಿ ಅಡ್ಮಿಷನ್ ಅಂತ ಹೋಗಿದ್ದು. ಹಳೇ ಕಾಲೇಜು, ಹೆಸರು ಬೇಡ. ಟಿಸಿ, ಮಾರ್ಕ್ಸ್ ಕಾರ್ಡು, ಅದರ ಮೂರು ಮೂರು ಜೆರಾಕ್ಸು ಎಲ್ಲ ಹಿಡ್ಕೊಂಡು ಕೌಂಟರ್ ಹತ್ರ ಹೋದ್ರೆ ಊಟದ ಟೈಮು, ಎರಡೂವರೆಗೆ ಬನ್ನಿ ಅಂದ್ರು. ಗಂಟೆ ಇನ್ನೂ ಒಂದೂಕಾಲು. ಕಾರಿಡಾರಲ್ಲಿ ಅಡ್ಡಾಡ್ತಾ ಜುವಾಲಜಿ ಮ್ಯೂಸಿಯಂ ಅಂತ ಬೋರ್ಡ್ ಇದ್ದ ರೂಮು ತೆರೆದಿತ್ತು ಅಂತ ಒಳಗೆ ಹೊಕ್ಕಿದ್ವಿ. ಫಾರ್ಮಲಿನ್ನು, ನುಸಿಗುಳಿಗೆ ಎರಡೂ ಸೇರಿದ ವಾಸನೆ. ಬಾಟ್ಲಿಯೊಳಗೆ ಬಣ್ಣ ಹೋದ ಹಾವುಗಳು, ಮೂಲೇಲಿ ಮೂಳೆ ಮನುಷ್ಯ, ಅವನ ಕೊರಳಿಗೆ ಯಾರೋ ಹುಡುಗ್ರು ಹಳೇ ಐಡಿ ಕಾರ್ಡ್ ಟ್ಯಾಗ್ ಹಾಕಿದ್ರು.

ಚರ್ಮ ತುಂಬಿಸಿ ನಿಲ್ಸಿದ ಪ್ರಾಣಿಗಳ ಬೀರು ಒಳಗಡೆ ಇತ್ತು. ಒಂದು ಮುಂಗುಸಿ, ಒಂದು ಕಾಡುಬೆಕ್ಕು, ಒಂದು ಪುನುಗು, ಅದರ ಪಕ್ಕ ಕತ್ತೆಕಿರುಬ. ಕತ್ತೆಕಿರುಬಕ್ಕೆ ಟೈಪ್‌ರೈಟರ್ ಕಾಲದ ಚೀಟಿ, ಇಂಗ್ಲಿಷಲ್ಲಿ, ಹೈನಾ, ಡಾಗ್ ಫ್ಯಾಮಿಲಿ ಅಂತ. ಪುನುಗಿಗೆ ಸಿವೆಟ್ ಕ್ಯಾಟ್ ಅಂತ.

ನಂಗೆ ನಗು ಬಂತು. ಬೆಕ್ಕಲ್ಲದ್ದಕ್ಕೆ ಬೆಕ್ಕು ಅಂತ ಬರೆದಿದಾರೆ, ಬೆಕ್ಕಿನ ಕಡೆಯದ್ದನ್ನ ನಾಯಿ ಮಾಡಿದಾರೆ. ನಂಗೊಂದು ಚಟ ಇದೆ, ಗೊತ್ತಿರೋದನ್ನ ಹೇಳ್ದೇ ಇರಕ್ಕೆ ಆಗಲ್ಲ. ನೋಡು ಪುಟ್ಟಿ, ಇದು ನಾಯಿ ಜಾತಿ ಅಲ್ಲ, ಮಾಂಸ ತಿನ್ನೋ ಪ್ರಾಣಿಗಳಲ್ಲಿ ಎರಡು ದೊಡ್ಡ ಕವಲು, ಒಂದು ಕಡೆ ನಾಯಿ ತೋಳ ಕರಡಿ ನೀರುನಾಯಿ, ಸಮುದ್ರದ ಸೀಲ್ ಕೂಡ ಆ ಕಡೇನೇ, ಇನ್ನೊಂದು ಕಡೆ ಹುಲಿ ಚಿರತೆ ಬೆಕ್ಕು ಪುನುಗು ಮುಂಗುಸಿ, ಮಡಗಾಸ್ಕರಲ್ಲಿ ಫೋಸಾ ಅಂತ ಒಂದಿದೆ ಅದು, ಅವುಗಳ ಜೊತೆ ಈ ಕತ್ತೆಕಿರುಬ. ಉಗುರು ಬೆಕ್ಕಿನ ಥರ ಒಳಗೆ ಎಳ್ಕೊಳ್ಳಕ್ಕೆ ಬರಲ್ಲ, ಹೆಜ್ಜೆ ಗುರುತು ನಾಯೀದೇ ಅನ್ಸತ್ತೆ, ಅದಕ್ಕೇ ಜನ ಮೋಸ ಹೋಗ್ತಾರೆ. ಹೆಸರಲ್ಲಿ ಕತ್ತೆ, ನೋಡಕ್ಕೆ ನಾಯಿ, ಕುಲ ಬೆಕ್ಕು! ಅಂದೆ. ಈ ಡೈಲಾಗು ನಂದೇ, ಚೆನ್ನಾಗಿದೆ ಅಂತ ನಾನೇ ಖುಷಿಪಟ್ಟೆ. ಅಷ್ಟೊತ್ತಿಗೆ ಇನ್ನೂ ಮೂರು ಜನ ಹುಡುಗ್ರು ಬಂದು ನಿಂತ್ಕೊಂಡು ಕೇಳ್ತಾ ಇದ್ರು, ಜನ ಸೇರಿದ್ರೆ ನಂಗೆ ಇನ್ನೂ ಜೋರು. ತಿರುಪತಿ ತಿಮ್ಮಪ್ಪನಿಗೆ ಹಚ್ತಾರಲ್ಲ ಪುನುಗು ತೈಲ, ಅದು ಬರೋದು ಈ ಪ್ರಾಣಿಯಿಂದ, ಅದರದ್ದೇ ದೂರದ ನೆಂಟ ಈ ಹೆಣ ತಿನ್ನೋನು ಅಂತೆಲ್ಲ ಶುರು ಹಚ್ಕೊಂಡೆ.

ಆಗ ಅಟೆಂಡರ್ ಬಟ್ಟೆ ನಿಲ್ಸಿದ್ರು. ಐವತ್ತೈದು ದಾಟಿರ್ಬೋದು, ಕೊಪ್ಪಳದ ಕಡೆಯವರಂತೆ.

"ಬೆಕ್ಕಿನ ಜಾತಿ ಏನ್ರೀ ಇದು?"

"ಹೌದು, ಸೈನ್ಸ್ ಪ್ರಕಾರ."

"ಸರ, ನೀವ್ ನೋಡೀರೇನ್ರಿ?"

ಝೂನಲ್ಲಿ ನೋಡಿದೀನಿ ಅಂದೆ.

"ಝೂದಾಗ ನಮ್ಮ ಮಗನೂ ನೋಡ್ಯಾನ್ರಿ. ನಾ ಕೇಳಿದ್ದು ಅಡವ್ಯಾಗಿಂದು."

ಹುಡುಗ್ರು ನನ್ ಮುಖ ನೋಡಿದ್ರು. ಇಲ್ಲ ಅಂದೆ. ಈ ಇಲ್ಲ ಅನ್ನೋದು ಪೂರ್ತಿ ನಿಜ ಅಲ್ಲ, ಅದಕ್ಕೆ ಆಮೇಲೆ ಬರ್ತೀನಿ.

ಅವ್ರು ಬೀರು ಬಾಗಿಲು ತೆಗೆದು, ಒಳಗಿದ್ದ ಪ್ರಾಣಿ ಬೆನ್ನ ಮೇಲೆ ಅಂಗೈ ಚಾಚಿ ಇಟ್ರು. "ಇದನ್ನ ಮಾಡಿದಾವ್ನೂ ನೋಡಿಲ್ರಿ. ಬೆನ್ನ ಹಿಂಗ ಸಪಾಟ ಇರಂಗಿಲ್ಲ. ಹಿಂದ ಇಳಿಜಾರ ಇರ್ತೈತಿ, ನಡದ್ರ ಕುಂಟಿದಂಗ ಕಾಣ್ತೈತಿ."

ಹೌದು! ಮುಂಗಾಲು ಉದ್ದ, ಹಿಂಗಾಲು ಗಿಡ್ಡ, ಈ ಪ್ರಾಣಿ ಬಗ್ಗೆ ಎಲ್ಲರೂ ಮೊದಲು ಬರೆಯೋದೇ ಅದು. ನಾನು ಓದಿದೀನಿ, ಹತ್ತು ಸಲ ಓದಿದೀನಿ. ಎದುರಿಗಿದ್ದ ಬೆನ್ನು ಮೇಜಿನ ಥರ ನೆಟ್ಟಗಿದ್ದಿದ್ದು ನಂಗೆ ಕಾಣಲೇ ಇಲ್ಲ. ಚೀಟಿಯ ತಪ್ಪು ಕಾಣ್ತು, ಬೆನ್ನಿನ ತಪ್ಪು ಕಾಣ್ಲಿಲ್ಲ. ತುಂಬಿದವನು ಯಾರೋ, ನಾಯಿ ಅಂದ್ಕೊಂಡೇ ತುಂಬಿದಾನೆ, ಹಿಂಗಾಲಿಗೆ ಒಂದಿಷ್ಟು ಉದ್ದ ಸೇರಿಸಿ ಸರಿ ಮಾಡಿದಾನೆ, ಬೆನ್ನ ಮೇಲಿನ ಜೂಲು ಅಂಟಿಸಿ ಮಲಗಿಸಿದಾನೆ, ಬಾಯಿ ಮಾತ್ರ ಹುಲಿ ಥರ ಅಗಲ ತೆಗೆಸಿದಾನೆ. ಮೈಸೂರಲ್ಲಿ ವ್ಯಾನ್ ಇಂಗನ್ ಅಣ್ಣತಮ್ಮಂದಿರ ಕಾರ್ಖಾನೆ ಇತ್ತಲ್ಲ, 1999ರಲ್ಲಿ ಮುಚ್ಚಿದ್ದು, ಕಾಗದದ ಗೋಂದಿನ ಅಚ್ಚು ಮಾಡಿ ಅದರ ಮೇಲೆ ಚರ್ಮ ಹೊದಿಸಿ, ಹಲ್ಲು ಕಿರಿಯೋ ಹುಲಿ ಚಿರತೆಗಳನ್ನ ದೇಶದ ಅರಮನೆಗಳಿಗೆಲ್ಲ ಕಳಿಸ್ತಿದ್ರು. ಅಂಥವ್ರ ಕೈಯಲ್ಲಾದ್ರೆ ಬೆನ್ನು ಸರಿ ಬರ್ತಿತ್ತೇನೋ. ಆದ್ರೆ ಕತ್ತೆಕಿರುಬ ಹೊಡೆದು ತಂದು ಡ್ರಾಯಿಂಗ್ ರೂಮಲ್ಲಿ ಇಟ್ಕೊಳ್ಳೋ ಮಹಾರಾಜ ಯಾವನಿರ್ತಾನೆ ಹೇಳಿ. ಇದಕ್ಕೆ ಸಿಕ್ಕಿದ್ದು ಲೋಕಲ್ ಕೈ.

ಅಟೆಂಡರ್ ಹೇಳ್ತಾ ಹೋದ್ರು. ಅವ್ರೂರಲ್ಲಿ ದನ ಸತ್ರೆ ಊರ ಹೊರಗೆ ಹಳ್ಳದ ದಂಡೆಗೆ ಎಳೆದು ಹಾಕ್ತಿದ್ರಂತೆ. "ಹಗಲೊತ್ತು ಹದ್ದು, ರಾತ್ರಿ ಇದು. ಎಲುಬು ಕಡಿಯೂದು ನಮ್ಮ ಅಟ್ಟಕ್ಕ ಕೇಳತಿತ್ರಿ, ಕಟಂ ಕಟಂ. ಮುಂಜಾನೆದ್ದು ನೋಡಿದ್ರ ಎಲುಬ ಸೈತ ಇರತಿದ್ದಿಲ್ಲ. ಇದರ ಲದ್ದಿ ನೋಡೀರೇನು? ಸುಣ್ಣದಂಗ ಬೆಳ್ಳಗ." ಅದೂ ನಂಗೆ ಗೊತ್ತು, ಮೂಳೆ ಪೂರ್ತಿ ಅರಗಿಸ್ಕೊಳ್ಳೋದ್ರಿಂದ ಕ್ಯಾಲ್ಸಿಯಂ ಹೊರಗೆ ಬಂದು ಹಂಗಾಗತ್ತೆ. ಬಾಯಿ ಮುಚ್ಕೊಂಡಿದ್ದೆ, ಆ ದಿನದ ನನ್ನ ಏಕೈಕ ಸಾಧನೆ. ಹುಡುಗನೊಬ್ಬ ಇದು ನಗತ್ತಂತಲ್ಲ ಅಂಕಲ್ ಅಂತ ಕೇಳ್ದ, ಅವ್ರು "ಇದೇನು ನಗತೈತಿ, ನಮಗಿಂತ ಗಪ್ಪ ಇರತೈತಿ" ಅಂದ್ರು. ಸರಿಯಾಗೇ ಹೇಳಿದ್ರು, ನಗು ಥರ ಕೂಗೋದು ಆಫ್ರಿಕಾದ ಚುಕ್ಕೆ ಕತ್ತೆಕಿರುಬ, ಕಾರ್ಟೂನ್ ನೋಡಿ ನೋಡಿ ನಮ್ಮ ಮಕ್ಕಳು ನಮ್ಮ ಪಟ್ಟೆ ಕತ್ತೆಕಿರುಬಕ್ಕೂ ಅದೇ ನಗು ಅಂಟಿಸಿದಾರೆ.

ಆಮೇಲೆ ಹೇಳಿದ್ದೇ ನನ್ನ ನಿದ್ದೆ ಕೆಡಿಸಿರೋದು.

"ಒಮ್ಮೆ ಐದಾರು ನಾಯಿ ಕೂಡಿ ಇದರ ಬೆನ್ನ ಹತ್ತಿದ್ವು ನೋಡ್ರಿ. ಕೂದಲ ನೆಟ್ಟಗ ಮಾಡಿ ಡಬಲ್ ಆತು, ಅಂಜಲಿಲ್ಲ ಅವು. ಇದು ತಿರುಗಿ ಕಡಿಲಿಲ್ಲ, ಧೊಪ್ಪಂತ ಬಿತ್ತು. ನಾಯಿ ಮೂಸಿದ್ವು, ಜಗ್ಗಿದ್ವು, ಬ್ಯಾಸರಾಗಿ ಹೋದ್ವು. ಸತ್ತೈತಿ ಅಂತ ನಾವ್ ಹುಡುಗ್ರು ಹಂತೇಕ ಹೊಂಟಿದ್ವಿ, ಎದ್ದು ಮೈ ಝಾಡಿಸ್ಕೊಂಡು ಹೋಗೇಬಿಡ್ತು!"

ಹುಡುಗ್ರೆಲ್ಲ ನಕ್ರು. ಪುಟ್ಟಿ ಮೊಬೈಲ್ ತೆಗೆದು ವಿಡಿಯೋ ಮಾಡ್ತಾ ಇದ್ಲು, ನಾನು ಮಾತಾಡ್ತಿದ್ದಾಗ ತೆಗೆದಿರ್ಲಿಲ್ಲ ಅನ್ನೋದನ್ನ ಗಮನಿಸಿದೆ. ಈಗ ಬರಲ್ವಾ ಅಂತ ಕೇಳಿದ್ದಕ್ಕೆ, "ಈಗ ಯಾರ್ ದನ ಒಗೀತಾರ್ರಿ, ಹದ್ದೂ ಇಲ್ಲ" ಅಂದು ಮತ್ತೆ ಗಾಜು ಒರೆಸಕ್ಕೆ ಹೋದ್ರು. ದನಕ್ಕೆ ಕೊಡ್ತಿದ್ದ ಡೈಕ್ಲೊಫೆನಾಕ್ ಅನ್ನೋ ನೋವಿನ ಔಷಧಿ ಹೆಣದ ಮೂಲಕ ರಣಹದ್ದುಗಳ ಹೊಟ್ಟೆಗೆ ಹೋಗಿ ಅವು ರಾಶಿರಾಶಿ ಸತ್ವು, 2006ರಲ್ಲಿ ಜಾನುವಾರಿಗೆ ಅದನ್ನ ಬ್ಯಾನ್ ಮಾಡೋ ಹೊತ್ತಿಗೆ ಆಗೋದೆಲ್ಲ ಆಗಿತ್ತು. ಹಗಲು ಪಾಳಿಯವ್ರು ಹೋದ್ರು, ರಾತ್ರಿ ಪಾಳಿಯವ್ರಿಗೂ ಕೆಲಸ ಇಲ್ಲ, ಕೋಳಿ ಅಂಗಡಿ ವೇಸ್ಟು ಸುರಿಯೋ ಕಡೆ, ರೋಡ್ ಪಕ್ಕ ಹುಡುಕ್ಕೊಂಡು ಬರ್ಬೇಕು. ಅಲ್ಲಿ ಕಾರಿರತ್ತೆ.

ಇಲ್ಲ ಅಂದಿದ್ದು ಪೂರ್ತಿ ನಿಜ ಅಲ್ಲ ಅಂದ್ನಲ್ಲ. ಆರು ವರ್ಷದ ಹಿಂದೆ ಹೊಸಪೇಟೇಲಿ ಮದುವೆ ಮುಗಿಸ್ಕೊಂಡು ರಾತ್ರಿ ಚಿತ್ರದುರ್ಗಕ್ಕೆ ಬರ್ತಾ ಇದ್ವಿ, ಭಾವ ಓಡಿಸ್ತಿದ್ರು, ನಾನು ಪಕ್ಕದಲ್ಲಿ, ಅಕ್ಕ ಪುಟ್ಟಿ ಹಿಂದೆ, ಪುಟ್ಟಿ ನಿದ್ದೆ. ಕೂಡ್ಲಿಗಿ ದಾಟಿದ್ಮೇಲೆ ಎರಡೂ ಕಡೆ ಕುರುಚಲು ಗುಡ್ಡ. ಎಡಗಡೆಯಿಂದ ಏನೋ ಬಂತು, ಧಡ್ ಅಂತು. ಭಾವ ಒಳ್ಳೆಯವ್ರೇ, ಆದ್ರೆ ಸ್ಟೀರಿಂಗ್ ಹಿಡಿದ್ರೆ ನಿಲ್ಸೋ ಮನುಷ್ಯ ಅಲ್ಲ, ಮೂತ್ರಕ್ಕೆ ನಿಲ್ಸಿ ಅಂದ್ರೂ ಮುಂದಿನ ಡಾಬಾ ಮುಂದಿನ ಡಾಬಾ ಅಂತ ಮೂವತ್ತು ಕಿಲೋಮೀಟರ್ ಎಳೀತಾರೆ. ಅವತ್ತು ಸ್ಲೋ ಮಾಡಿದ್ರು. ತಿರುಗಿ ನೋಡ್ದೆ. ಬ್ರೇಕ್ ಲೈಟಿನ ಕೆಂಪಲ್ಲಿ ಬಿದ್ದಿತ್ತು. ದೊಡ್ಡದು. ಬೆನ್ನ ಮೇಲೆ ಉದ್ದ ಕೂದಲು, ಕಾಲಲ್ಲಿ ಅಡ್ಡ ಪಟ್ಟೆ ಕಂಡ ಹಂಗಾಯ್ತು. ನಾಯಿ ಇರ್ಬೇಕು ಬಿಡು ಅಂತ ಭಾವ ಅಂದ್ರು, ಹೊರಟ್ವಿ. ದುರ್ಗದಲ್ಲಿ ನಂಗೆ ಬೆಂಗ್ಳೂರು ಬಸ್ಸು ಹಿಡೀಬೇಕಿತ್ತು, ಬೆಳಗ್ಗೆ ಆಫೀಸು.

ನಾಯಿಗೆ ಅಷ್ಟುದ್ದ ಜೂಲು ಇರಲ್ಲ ಅಂತ ನಂಗೆ ಆಗ್ಲೂ ಗೊತ್ತಿತ್ತು. ಆದ್ರೆ ನಾಯಿ ಅಂದ್ರೆ ಮುಗೀತು ನೋಡಿ, ಹೈವೇಲಿ ದಿನಾ ನೂರು ಸಾಯ್ತವೆ, ಯಾರ ಮನಸ್ಸೂ ಕೆಡಲ್ಲ. ಕತ್ತೆಕಿರುಬ ಅಂದಿದ್ರೆ ಇಳೀಬೇಕಿತ್ತು, ಫಾರೆಸ್ಟಿನವ್ರಿಗೆ ಫೋನ್ ಮಾಡ್ಬೇಕಿತ್ತು, ಬಸ್ಸು ತಪ್ತಿತ್ತು. ಚೀಟಿ ಬರೆದವನು ಗೊತ್ತಿಲ್ದೆ ನಾಯಿ ಅಂತ ಬರೆದ. ನಾವು ಗೊತ್ತಿದ್ದೂ ಅಂದ್ವಿ. ಅದೇ ನಾನು ಸೋಮವಾರ ಗಾಜಿನ ಮುಂದೆ ನಿಂತ್ಕೊಂಡು ಕವಲು ಕುಲ ಅಂತ ಪಾಠ ಮಾಡ್ತಿದ್ದೆ.

ಚೀಟಿ ತಪ್ಪು ಅಂತ ಅಲ್ಲಿದ್ದ ಲೆಕ್ಚರರ್ ಒಬ್ರಿಗೂ ಹೇಳಿ ಬಂದೆ. ಹೌದು ಸರ್ ಗೊತ್ತು, ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್ ಕಮಿಟಿ ಬರೋವಾಗ ಎಲ್ಲ ಒಟ್ಟಿಗೆ ಚೇಂಜ್ ಮಾಡ್ಸೋಣ ಅಂತ ಬಿಟ್ಟಿದೀವಿ ಅಂದ್ರು. ಕೋಪ ಬರ್ಬೇಕಿತ್ತು, ಬರ್ಲಿಲ್ಲ.

ದೊಡ್ಡ ಹೆಸರಿನ ಪ್ರಾಣಿ ಆಗಿದ್ರೆ ಕಥೆ ಬೇರೆ ಇರ್ತಿತ್ತೇನೋ. ಚೀತಾ ನೋಡಿ, 1947ರಲ್ಲಿ ಈಗಿನ ಛತ್ತೀಸಗಡದ ಕೊರಿಯಾ ಸಂಸ್ಥಾನದ ರಾಜ ಒಂದೇ ರಾತ್ರಿ ಮೂರು ಹೊಡೆದ, ಅವೇ ಕೊನೆಯವು ಅಂತಾರೆ, 1952ರಲ್ಲಿ ದೇಶದಲ್ಲಿ ಚೀತಾ ಮುಗೀತು ಅಂತ ಘೋಷಣೆ ಆಯ್ತು, 2022ರಲ್ಲಿ ನಮೀಬಿಯಾದಿಂದ ಎಂಟು ಚೀತಾ ವಿಮಾನದಲ್ಲಿ ಬಂದಾಗ ನಮ್ಮಮ್ಮ ಟಿವಿ ಮುಂದೆ ಕೂತು ಅವುಕ್ಕೆ ಪ್ರಯಾಣದಲ್ಲಿ ಊಟ ಏನು ಕೊಟ್ರಂತೆ ಅಂತ ಕೇಳಿದ್ರು. ಬೇಡ ಅನ್ನಲ್ಲ ನಾನು. ನಮ್ಮ ಕಡೇಲೇ ಕರಡಿಗೆ ದರೋಜಿ ಧಾಮ ಇದೆ, ಕೂಡ್ಲಿಗಿ ತಾಲೂಕಲ್ಲೇ ಗುಡೇಕೋಟೆ ಇದೆ, ತೋಳಕ್ಕೆ ಕೊಪ್ಪಳ ಜಿಲ್ಲೇಲಿ ಬಂಕಾಪುರ ಆಯ್ತು. ಕತ್ತೆಕಿರುಬದ ಹೆಸರಿನ ಬೋರ್ಡು ನಾನಂತೂ ಎಲ್ಲೂ ನೋಡಿಲ್ಲ. ಅದಕ್ಕೇನು, ಯಾರೋ ಕಾಯ್ತಿರೋ ಜಾಗ ಬೇಕಾಗಿಲ್ಲ, ಕರಡಿ ತೋಳದ ಬಾಡಿಗೆ ಮನೇಲೇ ಇರತ್ತೆ ಅಂತ ಸಮಾಧಾನ ಮಾಡ್ಕೋಬೇಕು.

ಆದ್ರೆ ಈ ವಾರ ಪೂರ್ತಿ ನಾನು ನಿಜವಾಗ್ಲೂ ಯೋಚ್ನೆ ಮಾಡಿದ್ದು ಚೀತಾ ಬಗ್ಗೆ ಅಲ್ಲ, ಬೋರ್ಡ್ ಬಗ್ಗೇನೂ ಅಲ್ಲ. ಧೊಪ್ಪಂತ ಬಿತ್ತು, ಎದ್ದು ಮೈ ಝಾಡಿಸ್ಕೊಂಡು ಹೋಗೇಬಿಡ್ತು ಅಂದ್ರಲ್ಲ, ಅದು. ಅವತ್ತು ಕೂಡ್ಲಿಗಿ ಹತ್ರಾನೂ ಹಂಗೇ ಆಗಿರ್ಬಾರ್ದಾ, ಸುಮ್ನೆ ಬಿದ್ಕೊಂಡಿತ್ತೇನೋ, ನಮ್ಮ ಲೈಟು ಮರೆಯಾದ್ಮೇಲೆ ಎದ್ದು ಗುಡ್ಡ ಹತ್ತಿರ್ಬೋದು. ಮಂಗಳವಾರ ರಾತ್ರಿ ಈ ಯೋಚ್ನೆ ಬಂದಾಗ ಎಷ್ಟು ಹಗುರ ಆಯ್ತು ಅಂದ್ರೆ ಎದ್ದು ನೀರು ಕುಡಿದು ಬಂದೆ. ಬುಧವಾರ ಬೆಳಗ್ಗೆ ಹಲ್ಲುಜ್ಜೋವಾಗ ಹೊಳೀತು, ಅದು ಹಂಗೆ ಬೀಳೋದು ನಾಯಿಗಳ ಮುಂದೆ, ಎಂಬತ್ತರ ಸ್ಪೀಡಲ್ಲಿ ಕಾರು ಗುದ್ದಿದ್ಮೇಲೆ ನಾಟಕ ಮಾಡಕ್ಕೆ ಏನುಳಿದಿರತ್ತೆ. ಮೊದ್ಲು ನಾಯಿ ಅಂತ ಮಲಗಿದ್ದೆ, ಈಗ ನಾಟಕ ಅಂತ ಮಲಗಕ್ಕೆ ನೋಡ್ತಿದೀನಿ.

ನಿನ್ನೆ ರಾತ್ರಿ ತಡೀಲಾರ್ದೆ ಭಾವಂಗೆ ಫೋನ್ ಮಾಡ್ದೆ. ಹಾಸ್ಟೆಲ್ಲು, ಫೀಸು ಎಲ್ಲ ಮಾತಾಡಿ ಆಮೇಲೆ ಮೆತ್ತಗೆ, ಭಾವ, ಅವತ್ತು ಕೂಡ್ಲಿಗಿ ಹತ್ರ ಗುದ್ದಿದ್ದು ನೆನಪಿದ್ಯಾ ಅಂದೆ.

"ಯಾವ್ದು, ಬಂಪರ್ ಹೋಯ್ತಲ್ಲ ಅವತ್ತಾ? ನಾಲ್ಕೂವರೆ ಸಾವಿರ ಕಿತ್ತ ಶೋರೂಮಿನವ್ನು."

"ಅದೇ. ನಾಯಿ ಅಂದ್ರಲ್ಲ ನೀವು, ನಿಮಗೆ ನಿಜವಾಗ್ಲೂ ನಾಯಿ ಅನ್ಸಿತ್ತಾ?"

ಭಾವ ಏನೋ ಹೇಳಕ್ಕೆ ಹೋದ್ರು. ಸ್ಪೀಕರಲ್ಲಿ ಹಾಕಿದ್ರು ಅನ್ಸತ್ತೆ, ಹಿಂದಿನಿಂದ ಅಕ್ಕ ಬಂದ್ಲು.

"ಅವ್ರೆಲ್ಲೋ ಅಂದ್ರು? ಅವ್ರು ಸೀಟ್ ಬೆಲ್ಟ್ ಬಿಚ್ಚಿದ್ರು, ಇಳಿದು ನೋಡ್ತೀನಿ ಅಂತ. ನಾಯಿ ಇರ್ಬೇಕು ನಡೀರಿ ಭಾವ, ಬಸ್ ತಪ್ಪತ್ತೆ ಅಂದಿದ್ದು ನೀನು."

ನಾನು ಹೌದಾ ಅಂದೆ.

"ಹೂಂ ಮತ್ತೆ. ಅದಿರ್ಲಿ, ಅಡ್ಮಿಷನ್ ರಸೀದಿ ನಿನ್ ಬ್ಯಾಗಲ್ಲೇ ಉಳ್ಕೊಂಡಿದ್ಯಂತೆ, ಪುಟ್ಟಿ ಹುಡುಕ್ತಾ ಇದಾಳೆ, ನೋಡು."