ದುಡಿಮೆ ಯಾರದು

ದುಡಿದರೆ ಅಮೆರಿಕದಲ್ಲಿ ಯಾರು ಬೇಕಾದರೂ ಮೇಲೆ ಬರಬಹುದು ಎಂದು ಮಧ್ಯಾಹ್ನ ಸಹೋದ್ಯೋಗಿಯೊಬ್ಬರು ವಾದ ಹೂಡಿದರು. ಉದಾಹರಣೆಗೆ ಮಾಮೂಲಿನಂತೆ ಆಂಡ್ರ್ಯೂ ಕಾರ್ನೆಗಿ.

ಕಥೆಯೇನೋ ನಿಜ. ಸ್ಕಾಟ್ಲೆಂಡಿನ ಬಡ ನೇಕಾರನ ಮಗ. ಕೈಮಗ್ಗ ನೆಲಕಚ್ಚಿದಾಗ ಮನೆಯವರು 1848ರಲ್ಲಿ ಸಾಲ ಮಾಡಿ ಹಡಗು ಹತ್ತಿದರು. ಹುಡುಗನಿಗೆ ಹತ್ತಿ ಗಿರಣಿಯಲ್ಲಿ ಮೊದಲ ಕೂಲಿ ವಾರಕ್ಕೆ 1 ಡಾಲರ್ 20 ಸೆಂಟ್. 1901ರಲ್ಲಿ ಅವನ ಉಕ್ಕಿನ ಕಂಪನಿ ಮಾರಾಟವಾದದ್ದು 48 ಕೋಟಿ ಡಾಲರಿಗೆ!

ಆದರೆ ಹೋಮ್‌ಸ್ಟೆಡ್ ಎಂಬಲ್ಲಿದ್ದ ಅವನದೇ ಉಕ್ಕಿನ ಕಾರ್ಖಾನೆಯ ಕೂಲಿಕಾರರು ಕಡಿಮೆ ದುಡಿದರೇ? ದಿನಕ್ಕೆ 12 ಗಂಟೆ ಕುಲುಮೆಯ ಮುಂದೆ ಬೇಯುತ್ತಿದ್ದರು. ಪಾಳಿ ಬದಲಾಗುವ ಭಾನುವಾರ ಒಂದೇ ಸಮನೆ 24 ಗಂಟೆ. 1892ರಲ್ಲಿ ಕೂಲಿ ಕಡಿತವನ್ನು ಒಪ್ಪದಿದ್ದಾಗ ಗೇಟು ಮುಚ್ಚಿತು. ಮಾಲೀಕರ ಪರವಾಗಿ ಪಿಂಕರ್ಟನ್ ಎಂಬ ಖಾಸಗಿ ಕಾವಲು ಕಂಪನಿಯ ಸುಮಾರು 300 ಬಂದೂಕುಧಾರಿಗಳು ರಾತ್ರೋರಾತ್ರಿ ನದಿಯಲ್ಲಿ ದೋಣಿಗಳಲ್ಲಿ ಬಂದರು. ಎರಡೂ ಕಡೆ ಹೆಣ ಬಿದ್ದವು, ಕಾರ್ಮಿಕ ಸಂಘ ಮುರಿಯಿತು. ಮಾಲೀಕರು ಆಗ ಸ್ಕಾಟ್ಲೆಂಡಿನಲ್ಲಿದ್ದರು. (ದೊಡ್ಡವರು ಇಂಥ ಹೊತ್ತಿನಲ್ಲಿ ಊರಲ್ಲಿರುವುದು ಅಪರೂಪ.)

1898ರಲ್ಲಿ ಅದೇ ಜನರಿಗೆ ಕಾರ್ನೆಗಿ ಗ್ರಂಥಾಲಯ ಕಟ್ಟಿಸಿಕೊಟ್ಟ. ಸಂಗೀತ ಸಭಾಂಗಣ, ಈಜುಕೊಳ ಎಲ್ಲವೂ ಇತ್ತು. ಕಟ್ಟಡ ಚೆಂದ, ದಾನವೂ ದೊಡ್ಡದೇ. ಹನ್ನೆರಡು ಗಂಟೆಯ ಪಾಳಿ ಮುಗಿಸಿ ಬಂದವನಿಗೆ ಪುಸ್ತಕ ಬಿಚ್ಚಲು ಕಣ್ಣು ತೆರೆದಿರಬೇಕಲ್ಲ!

ಅಲ್ಲಿನ ಉಕ್ಕಿನ ಕಾರ್ಖಾನೆಗಳಿಗೆ ಎಂಟು ಗಂಟೆಯ ಪಾಳಿ ಬಂದದ್ದು 1923ರಲ್ಲಿ. ಕಾರ್ನೆಗಿ ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು.